ಎಂಜಿನ್ನಿಗೆ ಹೊಕ್ಕ ನೀರು

ದರ್ಜಿಗೆ ಆ ಬೆಳಿಗ್ಗೆ ಯಾಕೆ ಅಷ್ಟು ಹುರುಪು ಬಂತೋ, ಹಳೇ ಕಾರಿನ ಮೈ ತೊಳೆದದ್ದು ಸಾಲದೆಂದು ಬಾನೆಟ್ ಎತ್ತಿ ಎಂಜಿನ್ ಮೇಲೂ ಪೈಪಿನಿಂದ ಜೋರಾಗಿ ನೀರು ಬಿಟ್ಟ. ಬಾಗಿಲುಗಳನ್ನು ಒರೆಸುತ್ತಿದ್ದಾಗ ಫೋನು ಹೊಡೆದುಕೊಂಡಿತು. ನಾಲ್ಕು ವರ್ಷದಿಂದ ಬಚ್ಚಲಿಗೆ ಹೋದರೂ ಜೊತೆಗೇ ಒಯ್ಯುತ್ತಿದ್ದ ಫೋನು.

"ಕಿಡ್ನಿ ಬಂದಿದೆ. ನಿಮ್ಮ ಹೆಂಡತಿಗೆ ಹೊಂದಬಹುದು," ಎಂದಳು ಆಸ್ಪತ್ರೆಯ ನರ್ಸು. "ಮಧ್ಯಾಹ್ನ ಒಂದಕ್ಕೆ ಇಲ್ಲಿರಬೇಕು. ತಡವಾದ್ರೆ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತೆ. ಏನೂ ತಿನ್ನಿಸಬೇಡಿ."

ಆಗ ಹತ್ತೂಕಾಲು. ದಾರಿ ಒಂದೂಕಾಲು ಗಂಟೆಯದು. ಹೆಂಡತಿ ಸೀರೆ ಬದಲಾಯಿಸಿ, ಕಾಗದಪತ್ರಗಳ ಚೀಲ ಹಿಡಿದು ಬಂದು ಕೂತಳು. ದರ್ಜಿ ಕೀಲಿ ತಿರುಗಿಸಿದ. ಎಂಜಿನ್ ಕೆಮ್ಮಿತು, ಗಡಗಡ ನಡುಗಿತು, ನಿಂತಿತು. ಮತ್ತೆ ತಿರುಗಿಸಿದ. ಅದೇ ಕೆಮ್ಮು.

ಬಾಡಿಗೆ ಕಾರಿನವರು ಮುಷ್ಕರ ಹೂಡಿ ಅಂದಿಗೆ ಮೂರನೇ ದಿನ. ಆಂಬುಲೆನ್ಸಿನವರು ಒಂದು ಗಂಟೆಯ ಮೇಲಾಗುತ್ತೆ ಎಂದರು. ಅಕ್ಕಪಕ್ಕದ ಎರಡು ಮನೆಗಳಿಗೂ ಬೀಗ. ಕೊನೆಗೆ ದೂರದ ಊರಲ್ಲಿ ಗ್ಯಾರೇಜು ನಡೆಸುವ ಹೆಂಡತಿಯ ತಮ್ಮನಿಗೆ ಫೋನು ಮಾಡಿದ.

"ಎಂಜಿನ್ ತೊಳೆದ್ರಾ ಭಾವ? ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳಿಲ್ಲ ಕಣೋ. ನನ್ನ ಕೈಯಾರೆ ನಾನೇ ಹಾಳುಮಾಡಿದೆ. ಬೈಯೋದು ಆಮೇಲೆ ಬೈ, ಈಗ ಏನು ಮಾಡ್ಲಿ ಹೇಳು."

"ಕಿಡಿ ಹಾರಿಸೋ ಪ್ಲಗ್ಗಿನ ಗುಂಡಿಗೆ ನೀರು ಹೋಗಿರುತ್ತೆ. ಪ್ಲಗ್ಗುಗಳ ಮೇಲೆ ಮುಚ್ಚಳದ ಹಾಗೆ ಕೂತಿರೋ ನಾಲ್ಕು ಕಾಯಿಲ್ ಬಿಚ್ಚಿ. ಒಂದು ಹನಿನೂ ಬಿಡದ ಹಾಗೆ ಒಣಗಿಸಿ."

ಬೋಲ್ಟು ಬಿಚ್ಚುವಾಗ ದರ್ಜಿಯ ಕೈಯಿಂದ ಪಾನಾ ಎರಡು ಸಲ ಜಾರಿ ಬಿತ್ತು. ಇಪ್ಪತ್ತೈದು ವರ್ಷ ಸೂಜಿಗೆ ದಾರ ಪೋಣಿಸಿದ ಕೈ. ಮೊದಲ ಗುಂಡಿ ಒಣಗಿತ್ತು, ಎರಡನೆಯದೂ. ಮೂರನೆಯದರಲ್ಲಿ ನೀರು ಕಣ್ಣಿಗೆ ಕಾಣುವಷ್ಟು ನಿಂತಿತ್ತು. ಅಂಗಡಿಯ ತುಂಡು ಬಟ್ಟೆಗಳ ಮೂಟೆಯನ್ನೇ ತಂದು ಸುರಿದ. ಹತ್ತಿಬಟ್ಟೆಯನ್ನು ಬತ್ತಿಯಂತೆ ಹೊಸೆದು, ಕಡ್ಡಿಗೆ ಸುತ್ತಿ ಇಳಿಸಿದ, ಎಳೆದ, ಹಿಂಡಿದ, ಮತ್ತೆ ಇಳಿಸಿದ. ಹನ್ನೊಂದು ಹೊಡೆಯಿತು. ಹೆಂಡತಿ ಕಿಟಕಿಯಿಂದ ವೈರು ಎಳೆದು ತನ್ನ ಕೂದಲು ಒಣಗಿಸುವ ಯಂತ್ರ ತಂದುಕೊಟ್ಟಳು.

"ನೀನು ಹೋಗಿ ಕೂತ್ಕೋ, ಸುಸ್ತಾಗ್ತೀಯ," ಎಂದ, ಅವಳ ಮುಖ ನೋಡಲಾರದೆ.

"ಕೂತು ಕೂತು ನಾಲ್ಕು ವರ್ಷ ಆಯ್ತು. ಹಿಡ್ಕೋತೀನಿ ಬಿಡಿ."

ಊದಿಕೊಂಡ ಕೈಯಲ್ಲಿ ಅವಳು ಯಂತ್ರ ಹಿಡಿದು ನಿಂತಳು. ಬಿಸಿಗಾಳಿ ಗುಂಡಿಯೊಳಗೆ ಹೊಕ್ಕು ಸುಟ್ಟ ಎಣ್ಣೆಯ ವಾಸನೆ ಎಬ್ಬಿಸಿತು. ಹನ್ನೊಂದೂಕಾಲಕ್ಕೆ ಕಾಯಿಲ್‌ಗಳನ್ನು ಕೂರಿಸಿ ಕೀಲಿ ತಿರುಗಿಸಿದ. ಕಾರು ಕೆಮ್ಮಿ ನಿಂತಿತು. ದರ್ಜಿ ಸ್ಟಿಯರಿಂಗಿಗೆ ಹಣೆ ಚಚ್ಚಿಕೊಂಡ.

"ನಿನ್ನ ಪ್ರಾಣಕ್ಕೆ ನಾನೇ ಕುತ್ತಾದೆ."

"ರೀ, ಅಳೋದನ್ನ ದಾರಿಯಲ್ಲಿ ಅಳಿ. ನಾಲ್ಕನೇದು ನೋಡಿದ್ರಾ?"

ನೋಡಿರಲಿಲ್ಲ. ಮೂರನೆಯದರ ನೀರು ಕಂಡ ಗಾಬರಿಯಲ್ಲಿ ಅದು ಮರೆತೇ ಹೋಗಿತ್ತು. ಬಿಚ್ಚಿದರೆ ಅಲ್ಲೂ ನೀರು! ಮತ್ತೆ ಬತ್ತಿ, ಮತ್ತೆ ಬಿಸಿಗಾಳಿ. ಕಾಯಿಲಿನ ರಬ್ಬರನ್ನು ತಾನು ತೊಟ್ಟಿದ್ದ ಅಂಗಿ ಬಿಚ್ಚಿ ಒರೆಸಿದ. ಹನ್ನೊಂದೂ ಮೂವತ್ತೆಂಟಕ್ಕೆ ಎಂಜಿನ್ ಒಮ್ಮೆ ಬಿಕ್ಕಿ, ಆಮೇಲೆ ಹಿಡಿದುಕೊಂಡಿತು. ಬಾನೆಟ್ ಬಡಿದು ಮುಚ್ಚಿ ಹೊರಟೇಬಿಟ್ಟರು. ಪ್ರತಿ ಸಿಗ್ನಲ್ಲಿನಲ್ಲೂ ಕಾರು ನಿಂತುಹೋದೀತೆಂದು ಅವನು ಆಕ್ಸಿಲರೇಟರಿನಿಂದ ಕಾಲು ತೆಗೆಯಲಿಲ್ಲ. ಅವಳು ಅವನ ತೊಡೆ ಹಿಡಿದುಕೊಂಡೇ ಕೂತಿದ್ದಳು.

ಆಸ್ಪತ್ರೆಯ ಬಾಗಿಲು ಮುಟ್ಟಿದಾಗ ಒಂದಕ್ಕೆ ಐದೇ ನಿಮಿಷ. ಬನಿಯನ್ನಿನ ಮೇಲೆ, ಮಸಿ ಕೈಯಲ್ಲಿ ಬಂದವನನ್ನು ಕಾವಲುಗಾರ ತಡೆದ. ಹೆಂಡತಿ ಮಾತ್ರ ಒಳಗೆ ಹೋದಳು, ತಿರುಗಿ ನೋಡದೆ. ರಕ್ತಪರೀಕ್ಷೆಗೆ ಮೂರು ಗಂಟೆ, ಆಪರೇಷನ್ನಿಗೆ ನಾಲ್ಕು. ಹೊರಗಿನ ಬೆಂಚಿನ ಮೇಲೆ ದರ್ಜಿ ಏನು ನೆನೆದರೂ ಅದು ಆ ಪೈಪಿಗೇ ಬಂದು ನಿಲ್ಲುತ್ತಿತ್ತು.

ರಾತ್ರಿ ಎಂಟಕ್ಕೆ ವೈದ್ಯೆ ಮುಖಗವಸು ಇಳಿಸಿಕೊಂಡು ಬಂದರು.

"ಹೊಸ ಕಿಡ್ನಿಯಿಂದ ಮೂತ್ರ ಬಂತು," ಎಂದರು. "ಆಪರೇಷನ್ ಟೇಬಲ್ ಮೇಲೇ ಬಂತು. ಚೆನ್ನಾಗಿ ಬರ್ತಿದೆ."

"ಎಷ್ಟು?" ಎಂದ ದರ್ಜಿ. ಬೇರೇನು ಕೇಳಬೇಕೆಂದು ಅವನಿಗೆ ತೋಚಲಿಲ್ಲ.

"ನಿಲ್ಲಿಸೋಕಾಗ್ತಿಲ್ಲ," ಎಂದು ಅವರು ನಕ್ಕರು. ದರ್ಜಿ ಗೋಡೆಗೊರಗಿ, ಪಕ್ಕದಲ್ಲಿದ್ದವರು ಬೆಚ್ಚುವಷ್ಟು ಜೋರಾಗಿ ಅತ್ತ.