ಶುಕ್ರವಾರ ತಪ್ಪಿದ ಬಾಡಿಗೆ

ಸುಬ್ರಾಯರು ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಊರವರ ಸಾಲ ವಸೂಲಿ ಮಾಡಿದವರು. ತಾವೇ ಸುಸ್ತಿದಾರರಾದದ್ದು ತಿರುವನಂತಪುರಕ್ಕೆ ಬಂದ ಮೇಲೆ, ಅದೂ ಹೆಂಡತಿಯ ದೆಸೆಯಿಂದ.

ಮನೆ ಬಾಡಿಗೆ ಹದಿನೆಂಟು ಸಾವಿರ. ಐದನೇ ತಾರೀಕಿನೊಳಗೆ ನಗದಾಗಿ ಕೈಗೇ ಕೊಡಬೇಕು, ತಪ್ಪಿದರೆ ದಿನಕ್ಕೆ ಐನೂರು ದಂಡ ಅಂತ ಕರಾರು. ಮನೆಯೊಡೆಯ ಪಂಕಜಾಕ್ಷನ್ ನಾಯರ್ ಚಾಲೈ ಪೇಟೆಯ ಮೆಣಸು ವ್ಯಾಪಾರಿ. ಹಿಂದೆ ಮಂಗಳೂರಿನಲ್ಲಿ ಹತ್ತು ವರ್ಷ ಅಂಗಡಿ ಇಟ್ಟು ಕನ್ನಡ ಕಲಿತವ. ಮೊಬೈಲಿನಲ್ಲಿ ಬರುವ ದುಡ್ಡು ಅವನ ಪಾಲಿಗೆ ದುಡ್ಡೇ ಅಲ್ಲ.

ಈ ಸಲ ಐದನೇ ತಾರೀಕು ಶುಕ್ರವಾರ ಬಿತ್ತು. ನೋಟಿನ ಕಟ್ಟು ಹಿಡಿದು ಹೊರಟ ಗಂಡನಿಗೆ ಸುಮಿತ್ರ ಬಾಗಿಲಲ್ಲೇ ಅಡ್ಡ ನಿಂತಳು.

"ಶುಕ್ರವಾರ ಲಕ್ಷ್ಮಿಯನ್ನು ಹೊರಗೆ ಕಳಿಸ್ಲಿಕ್ಕುಂಟಾ? ನಾಳೆ ಕೊಟ್ರೆ ಆಯ್ತಪ್ಪ."

ಮರುದಿನ ಹೋದರೆ ನಾಯರ್ ಕೊಚ್ಚಿಯ ಮಗಳ ಮನೆಗೆ ಹೋಗಿದ್ದ. ಬಂದದ್ದು ಬುಧವಾರ. ಬಾಡಿಗೆ ಎಣಿಸಿಕೊಂಡವನೇ, "ದಂಡ ಎರಡೂವರೆ ಸಾವಿರ. ಅದು ಬಾರದೆ ಅಡ್ವಾನ್ಸ್ ವಾಪಸ್ ಇಲ್ಲ ಸಾರ್" ಅಂದ.

ಸುಬ್ರಾಯರಿಗೆ ಕೊಚ್ಚಿಗೆ ವರ್ಗವಾಗಿತ್ತು, ಆ ವಾರವೇ ಮನೆ ಬಿಡುವುದಿತ್ತು. ಅಡ್ವಾನ್ಸಿನ ಮೂವತ್ತಾರು ಸಾವಿರ ಸೋಮವಾರದೊಳಗೆ ಕೈಗೆ ಬಾರದಿದ್ದರೆ ಅಲ್ಲಿ ನೋಡಿಟ್ಟ ಮನೆ ಬೇರೆಯವರ ಪಾಲು.

ಕಾನೂನು ಓದುವ ಮಗಳು ಧನಶ್ರೀಗೆ ಕನ್ನಡ ಅರ್ಥವಾಗುತ್ತದೆ, ಬಾಯಿ ಬಿಟ್ಟರೆ ಮಲಯಾಳ. "ಕೊಡುಕ್ಕಂಡ ಅಪ್ಪಾ!" ಎಂದಳು, ಕೊಡಲೇಬೇಡ ಅಂತ. ಅವಳ ಪ್ರಕಾರ ಕರಾರಿನಲ್ಲಿ ಗೀಚಿದ ಮಾತ್ರಕ್ಕೆ ದಂಡ ದಕ್ಕುವುದಿಲ್ಲ, ಕೋರ್ಟು ನ್ಯಾಯವಾದಷ್ಟನ್ನೇ ಕೊಡಿಸುವುದು. ಇಲ್ಲಿಯ ಬಾಡಿಗೆ ಕಾನೂನು ಬಾಕಿಯ ನೋಟಿಸಿಗೆ ಹೇಳುವುದು ವರ್ಷಕ್ಕೆ ನೂರಕ್ಕೆ ಆರು ಬಡ್ಡಿ, ಮೇಲೆ ಅಂಚೆ ಖರ್ಚು.

ಶುಕ್ರವಾರ ಸುಬ್ರಾಯರು ಚಾಲೈಗೆ ಹೋಗಿ ಮನೆಯ ಕೀಲಿಕೈಯನ್ನು ನಾಯರನ ಮುಂದಿಟ್ಟರು.

"ಐದು ದಿನದ ಬಡ್ಡಿ ಹದಿನಾಲ್ಕು ರೂಪಾಯಿ ಎಪ್ಪತ್ತೊಂಬತ್ತು ಪೈಸೆ. ಹದಿನೈದು ಅಂತ ಬರ್ಕೊಳ್ಳಿ. ನೋಟಿಸು ಕಳಿಸಿದ್ರೆ ಅಂಚೆದೂ ಕೊಡ್ತೇನೆ."

"ಎಂತ ಮಾರಾಯ್ರೆ, ತಮಾಷೆಯಾ?"

"ಕಾನೂನು. ಮನೆಗೂ ಅದೇ, ಅಂಗಡಿಗೂ ಅದೇ."

ನಾಯರ್ ಮೆಣಸು ತೂಗುವುದನ್ನು ನಿಲ್ಲಿಸಿದ. ಆ ಅಂಗಡಿ ಅವನದ್ದಲ್ಲ, ಬಾಡಿಗೆಯದ್ದು. ಅದರ ಒಡೆಯ ಕಳೆದ ತಿಂಗಳಷ್ಟೇ ತಡವಾಯಿತೆಂದು ಎಂಟು ಸಾವಿರ ದಂಡ ಜಡಿದಿದ್ದ.

"ಅಂಗಡಿಗೂ ಉಂಟಾ?" ದನಿ ಮೆತ್ತಗಾಯಿತು. "ಅದನ್ನೊಂದು ಚೀಟಿಯಲ್ಲಿ ಬರೆದು ಕೊಡಿ ಸಾರ್. ಇಂಗ್ಲಿಷಲ್ಲಿ. ಆ ಕಳ್ಳನಿಗೆ ಇಂಗ್ಲಿಷ್ ಅಂದ್ರೆ ಹೆದರಿಕೆ."

"ನೀವು ಅಡ್ವಾನ್ಸ್ ಎಣಿಸಿ, ನಾನು ಬರೀತೇನೆ."

ನಾಯರ್ ಎಣಿಸಿದ, ಸುಬ್ರಾಯರು ಬರೆದರು. ಕಟ್ಟನ್ನು ಒಳಜೇಬಿಗಿಳಿಸಿ ಎದ್ದರು.

"ಹದಿನೈದು ರೂಪಾಯಿ?"

"ಅಯ್ಯೋ, ಇವತ್ತು ಶುಕ್ರವಾರ! ಹೆಂಡತಿ ಕೊಲ್ತಾಳೆ. ನಾಳೆ ಕೊಡ್ತೇನೆ."

"ನಾಳೆ ನಾನು ಮಗಳ ಮನೆಗೆ ಹೋಗ್ತೇನಲ್ಲ!"

"ನಿಧಾನ ಬನ್ನಿ. ದಿನಕ್ಕೆ ಬಡ್ಡಿ ಎಷ್ಟಾಗ್ತದೆ ಅಂತ ಚೀಟಿಯಲ್ಲೇ ಉಂಟು."