ಅಧ್ಯಕ್ಷರ ಫೋಟೋ ಬರುವ ಮೊದಲು

ಬಿಳಿ, ಇನ್ನೂ ಬಿಳಿಯೇ, ಈಗ ಒಂದು ತುಂಡು ಶಾಲು, ಜರಿ, ಮುಗಿದ ಕೈ, ಕೊನೆಗೆ ಅಧ್ಯಕ್ಷರ ನಗು — ಉಜಿರೆ ದಾಟಿದ ಮೇಲೆ ಬಸ್ಸಿನಲ್ಲಿ ನೆಟ್ ನಿಧಾನ, ಫೋಟೋ ಹೀಗೇ ಕಂತುಕಂತಾಗಿ ಬರುತ್ತದೆ, ಆದರೆ ಅದರ ಕೆಳಗಿನ ಎರಡು ಬಟನ್ ಈಗ ಇದ್ದ ಜಾಗದಿಂದ ಅಲುಗುವುದಿಲ್ಲ, ತೃಷಾ ಟ್ರಸ್ಟಿನ ಡಯಾಲಿಸಿಸ್ ಬುಕಿಂಗ್ ಪುಟವನ್ನು ಮತ್ತೊಮ್ಮೆ ತೆರೆದಳು, ಅಲುಗಲಿಲ್ಲ, ಮತ್ತೊಮ್ಮೆ, ಇಲ್ಲ, ಸಾಕು, ಕಣ್ಣು ಉರಿಯುತ್ತದೆ, ಮೆಲ್ಕಾರಿನ ಆಫೀಸಿನಲ್ಲಿ ಬೆಳಿಗ್ಗೆಯಿಂದ ಇದೇ ಕೆಲಸ, ಕೆಲಸ ಅಂದರೆ ಏನು ಮಹಾ, ಒಂದೇ ಸಾಲು, ಚಿತ್ರದ ಅಗಲ ಇಷ್ಟು ಎತ್ತರ ಇಷ್ಟು ಎಂದು ಬರೆದುಬಿಟ್ಟರೆ ಬ್ರೌಸರ್ ಅಷ್ಟು ಜಾಗ ಬಿಟ್ಟುಕೊಂಡು ಕಾಯುತ್ತದೆ, ಕಿಟಕಿಯಿಂದ ಕರ್ಚೀಫು ಹಾಕಿ ಸೀಟು ಹಿಡಿದ ಹಾಗೆ, ಎಳೆ ಮಕ್ಕಳಿಗೂ ಗೊತ್ತಿರುವ ಪಾಠ, ಅದನ್ನೇ ಬಿಟ್ಟಿದ್ದಳು. ಟ್ರಸ್ಟಿನ ಕಾರ್ಯದರ್ಶಿ ಗುರುವಪ್ಪ ಅವಸರ ಮಾಡಿದ್ದು ಹೌದು — ಅಧ್ಯಕ್ಷರ ಫೋಟೋ ಎಲ್ಲದಕ್ಕಿಂತ ಮೇಲೆ ಬರ್ಬೇಕು ಮಾರಾಯ್ತಿ, ಡಯಾಲಿಸಿಸ್ ಮಿಷನ್ ಕೊಟ್ಟದ್ದೇ ಅವರು, ಕ್ವಾಲಿಟಿ ಕಮ್ಮಿ ಮಾಡ್ಬೇಡ, ಶಾಲಿನ ಜರಿ ಕಾಣ್ಬೇಕು — ಕಾಣಿಸಿದಳು, ಜರಿಯ ಎಳೆ ಎಣಿಸುವಷ್ಟು ಭಾರದ ಫೋಟೋ, ಆಫೀಸಿನ ವೈಫೈಯಲ್ಲಿ ಚಕ್ಕನೆ ಬಂತು, ಅವರಿಗೆ ಖುಷಿ, ಇವಳಿಗೂ ಮನೆಗೆ ಹೋದರೆ ಸಾಕಿತ್ತು, ನೆಟ್ ಸರಿಯಿಲ್ಲದ ಕಕ್ಕಿಂಜೆಯಲ್ಲಿ ಒಂದು ಬೆರಳು ಇದನ್ನು ಒತ್ತಬೇಕಾದೀತು ಎಂದು ಯಾರಿಗೆ ನೆನಪಿತ್ತು.

ಸೇಸಮ್ಮ ದೊಡ್ಡಮ್ಮನ ಬೆರಳು, ಅಮ್ಮನ ಅಕ್ಕ, ಮೊದಲ ಸಲ ಒತ್ತಲು ಕಲಿಸಿದವಳೂ ಇವಳೇ — ಮೇಲಿನದ್ದು ಬೇಡ, ಅದು ರದ್ದು, ಕೆಳಗಿನ ಹಸಿರು ಒತ್ತಿ ದೊಡ್ಡಮ್ಮ, ಬರುತ್ತೇನೆ ಅಂತ ಉಂಟಲ್ಲ, ಅದು — ಹಸಿರನ್ನು ಕೆಳಗಿಟ್ಟದ್ದು ಹೆಬ್ಬೆರಳಿಗೆ ಹತ್ತಿರವಾಗಲಿ ಎಂದು, ಎಂಥಾ ಬುದ್ಧಿವಂತಿಕೆ, ಆಮೇಲೊಂದು ದಿನ ದೊಡ್ಡಮ್ಮ ಹಸಿರಿಗೇ ಬೆರಳು ಇಳಿಸುತ್ತಿದ್ದರು, ಅಷ್ಟರಲ್ಲಿ ಫೋಟೋ ಬಂತು, ಎಲ್ಲವೂ ಒಂದು ಬಟನ್ ಎತ್ತರಕ್ಕೆ ಕೆಳಗೆ ಜಾರಿತು, ಬೆರಳಿನಡಿಗೆ ರದ್ದು ಬಂದು ಕೂತಿತು. ಮರುದಿನ ಅಬ್ಬಾಸನ ರಿಕ್ಷಾದಲ್ಲಿ ಎಂದಿನ ಹಾಗೆ ಒಬ್ಬರೇ ಡಯಾಲಿಸಿಸ್‌ಗೆ ಹೋದರು, ನೀವೇ ಕ್ಯಾನ್ಸಲ್ ಮಾಡಿದ್ದೀರಲ್ಲ ಅಮ್ಮ, ಬೆಡ್ಡು ಬೇರೆಯವರಿಗೆ ಹೋಯ್ತು ಅಂದಳು ಅಲ್ಲಿಯ ನರ್ಸ್, ತಿರುಗಿ ಬಂದರು, ಕಾಲು ಬಾತಿತು, ಉಸಿರು ಕಟ್ಟಿತು, ಮಂಗಳೂರಿನ ಐಸಿಯುವಿನ ಗಾಜಿನಾಚೆ ಆ ಊದಿದ ಮುಖ, ಇವಳು ಈಚೆ ನಿಂತು ಪಾಪ ವಯಸ್ಸಾಯ್ತು ಅಂದುಕೊಂಡಿದ್ದಳಲ್ಲ, ಛೆ. ದೊಡ್ಡಮ್ಮನ ಮಗ ಸೃಜನ್ ಅವರ ಫೋನು ಕಿತ್ತುಕೊಂಡ — ಇನ್ನು ನೀವು ಮುಟ್ಟುದು ಬೇಡ ಅಮ್ಮ, ನಾನೇ ಮಾಡ್ತೇನೆ — ದೊಡ್ಡಮ್ಮ ಎದುರಾಡಲಿಲ್ಲವಂತೆ, ನನ್ನ ಕೈಯೇ ತಪ್ಪಿದ್ದು ಅಂದರಂತೆ, ವರ್ಷಗಟ್ಟಲೆ ಬೀಡಿ ಕಟ್ಟಿದ ಬೆರಳು, ಮಾತಾಡುತ್ತಾ ನೋಡದೆಯೇ ನೂಲು ಸುತ್ತುತ್ತಿದ್ದ ಬೆರಳು, ಅದು ತಪ್ಪುವುದೆಂದರೆ, ನಿನ್ನೆ ಯಾಕೋ ಅನುಮಾನ ಬಂದು ನೆಟ್ ನಿಧಾನ ಮಾಡಿ ಪುಟ ತೆರೆದಾಗ ಇವಳ ಬೆರಳಿನಡಿಯಲ್ಲೂ ಹಸಿರು ಜಾರಿತು, ಹೇಳಬೇಕು, ಫೋನಿನಲ್ಲಿ ಆಗದು, ಎದುರು ಕೂತೇ ಹೇಳಬೇಕು.

ಕಕ್ಕಿಂಜೆ, ಇಳಿದಳು, ಜಗಲಿಯಲ್ಲಿ ದೊಡ್ಡಮ್ಮ ಕಾಲು ಚಾಚಿ ಕೂತಿದ್ದರು, ಎಂಥ ಮಗಾ ಬಾಡಿ ಹೋಗಿದ್ದಿ, ನೀರು ಕುಡಿ ಮೊದ್ಲು — ಕುಡಿದಳು, ಹೇಳಿದಳು, ತಪ್ಪು ನಿಮ್ಮದಲ್ಲ ದೊಡ್ಡಮ್ಮ, ನಂದು, ನಾನು ಬರೆದದ್ದೇ ಸರಿ ಇರ್ಲಿಲ್ಲ, ಫೋಟೋ ಬರುವಾಗ ಬಟನ್ ಓಡಿದ್ದು, ದೊಡ್ಡಮ್ಮ ಕೇಳಿದರು, ಪೂರ್ತಿ ಕೇಳಿದರು, ಮತ್ತೆ ನಕ್ಕು ಅವಳ ತಲೆ ಸವರಿದರು, ನನ್ನ ಸಮಾಧಾನಕ್ಕೆ ಅಷ್ಟು ದೂರದಿಂದ ಬಂದು ಸುಳ್ಳು ಹೇಳ್ತಿಯಲ್ಲ ನೀನು, ಬಟನ್ ಓಡ್ಲಿಕ್ಕೆ ಉಂಟಾ, ಬೆರಳಿಗೆ ವಯಸ್ಸಾಯ್ತು ಅಷ್ಟೆ. ಇಲ್ಲ ದೊಡ್ಡಮ್ಮ, ನೋಡಿ, ಈಗ ಸರಿ ಮಾಡಿದ್ದೇನೆ, ನಾಳಿದ್ದಿನದ್ದು ನೀವೇ ಒತ್ತಿ, ತನ್ನ ಫೋನಿನಲ್ಲಿ ದೊಡ್ಡಮ್ಮನ ಪುಟ ತೆರೆದು ಅವರ ಮಡಿಲಲ್ಲಿಟ್ಟಳು, ಬಿಳಿ, ಶಾಲು, ಜರಿ, ಅಧ್ಯಕ್ಷರು ಸಾವಕಾಶ ನಗತೊಡಗಿದರು, ಹಸಿರು ಇದ್ದಲ್ಲೇ ಇತ್ತು, ಬೆರಳು ಬಂತು, ಹಸಿರಿನ ನೇರಕ್ಕೇ ಬಂತು, ಇಳಿಯಿರಿ, ಇನ್ನು ಸ್ವಲ್ಪ, ಅಲುಗುವುದಿಲ್ಲ ಅದು, ನನ್ನಾಣೆ — ನೀನೇ ಒತ್ತು ಮಗಾ — ಗಾಜಿನಿಂದ ಒಂದು ಅಕ್ಕಿಕಾಳಿನಷ್ಟು ಮೇಲೆ, ಇಳಿಯದೆ, ಹಿಂದಕ್ಕೂ ಹೋಗದೆ, ಆ ಬೆರಳು