ಬರ್ನಿ ಮಾಮನ ಹಿಂದೆ ರಸ್ತೆಯಿಲ್ಲ

ಮೆರಿಲೀ ಹಾಲ್ವರ್ಸನ್ ಕಪ್ಪು ಗಾಜಿನ ಈಚೆ ಕೂತು ಆಚೆಗೆ ಕಣ್ಣು ನೆಟ್ಟಿದ್ದಳು. ಆಚೆ ಕೋಣೆಯ ಕಂಬಳಿಯ ಮೇಲೆ ಜೋಸಿ ಎಂಬ ಪುಟ್ಟ ಹುಡುಗಿ, ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಳು. ಈಚೆ ಕೂತವರು ಮಗುವಿಗೆ ಕಾಣುತ್ತಿರಲಿಲ್ಲ. ಯಂತ್ರದಿಂದ ಹೊರಟ ವೈರು ಗೋಡೆ ತೂರಿ ಬಂದು, ಅವಳ ಆಟವನ್ನು ಈಚೆಯ ಟಿವಿಯಲ್ಲಿ ತೋರಿಸುತ್ತಿತ್ತು; ಅವಳ ಮಾತೂ ಈಚೆಗೆ ಕೇಳುತ್ತಿತ್ತು.

ಪರೀಕ್ಷೆ ಮಗುವಿಗಲ್ಲ, ಆ ಗೇಮ್ ಮಾಡಿದ ಮೆರಿಲೀಗೆ. ಬೇಸಿಗೆಗೆ ಒಂದು ಕಾರ್ಟೂನ್ ಸಿನಿಮಾ ಬರಲಿತ್ತು. ಅದರಲ್ಲಿ ಡಾಟಿ ಎಂಬ ಪುಟಾಣಿ ಹಾಲಿನ ವ್ಯಾನು, ಅವಳನ್ನು ಸಾಕಿದ ಬರ್ನಿ ಮಾಮ ಎಂಬ ಮುದಿ ಲಾರಿ. ರಸ್ತೆಯ ಹಿಮ ಬಾಚುವುದು ಬರ್ನಿಯ ಕಸುಬು. ಆ ಸಿನಿಮಾದ ಗೇಮ್ ಮಾಡುವ ಕೆಲಸ ಡುಲೂತ್ ಊರಿನ ಈ ಬಡಪಾಯಿ ಕಂಪನಿಗೆ ಸಿಕ್ಕಿದ್ದೇ ಪುಣ್ಯ. ಸಿನಿಮಾದವರ ಕಡೆಯಿಂದ ಬಂದಿದ್ದ ಮಿಸೆಸ್ ಪ್ರೂಯಿಟ್ ಅವರದು ಎರಡೇ ನಿಯಮ. ಗಂಟೆ ಬಾರಿಸುವ ತನಕ ಮಗು ಯಂತ್ರವನ್ನು ಕೆಳಗಿಡಬಾರದು. ದೊಡ್ಡವರು ನಡುವೆ ಬಾಯಿ ಹಾಕಬಾರದು. ಎರಡರಲ್ಲಿ ಯಾವುದು ತಪ್ಪಿದರೂ ಕೆಲಸ ಬೇರೆಯವರ ಪಾಲು, ಇಲ್ಲಿಯವರೆಲ್ಲ ಬೀದಿಪಾಲು.

ಗುಂಡಿ ಒತ್ತಿ ಡಾಟಿಯನ್ನು ಓಡಿಸಬೇಕಾದವಳು ಜೋಸಿ. ಟಿವಿಯಲ್ಲಿ ಹಿಮ ಬೀಳತೊಡಗಿತು. ಆ ಹಿಮ ಮೆರಿಲೀಯ ಹೆಮ್ಮೆ. ಅಂಗೈಯಗಲದ ಪರದೆಯಲ್ಲಿ ಇಷ್ಟು ಚೆಂದದ ಹಿಮವನ್ನು ಯಾರೂ ಸುರಿಸಿರಲಿಲ್ಲ. ರಸ್ತೆಯಂಚಿನಲ್ಲಿ ಗಾಲಿ ಮುಳುಗುವಷ್ಟು ಹಿಮದಲ್ಲಿ ನಿಂತ ಬರ್ನಿ, "ಹೊರಡು ಡಾಟಿ, ಹೊರಡು!" ಎಂದ.

ಜೋಸಿ ಹೊರಡಲಿಲ್ಲ.

"ನೀನೂ ಬಾ ಮಾಮ," ಎಂದು ಹಾರ್ನ್ ಒತ್ತಿದಳು.

"ಹೊರಡು ಡಾಟಿ, ಹೊರಡು!" ಬರ್ನಿಗೆ ಬೇರೆ ಮಾತು ಬರುತ್ತಿರಲಿಲ್ಲ. ಕಲಿಸಿದ್ದರಲ್ಲವೇ ಬರುವುದು?

"ಅಯ್ಯೋ ಪಾಪ, ಸಿಕ್ಕಾಕೊಂಡ್ಬಿಟ್ಟಿದೀಯಾ?" ಎಂದಳು ಜೋಸಿ. ಡಾಟಿಯ ಮೂತಿಯನ್ನು ಹಿಂದಕ್ಕೆ ತಿರುಗಿಸಿದಳು.

ಮೆರಿಲೀ ಕುರ್ಚಿಯ ತುದಿಗೆ ಸರಿದಳು. ಆ ಊರಿನಲ್ಲಿ ಗಾಡಿ ಹಿಮದಲ್ಲಿ ಹೂತರೆ ಗುರುತಿರಲಿ ಬಿಡಲಿ, ದಾರಿಯಲ್ಲಿ ಹೋಗುವವರೆಲ್ಲ ನಿಂತು ಹಿಂದಿನಿಂದ ತಳ್ಳುತ್ತಾರೆ. ಮಗು ತೊಟ್ಟಿಲಿನಿಂದ ನೋಡಿದ್ದೇ ಅದನ್ನು. ಬರ್ನಿಯ ಹಿಂದೆ ಹೋಗಿ ತಳ್ಳಲು ಹೊರಟಿದ್ದಾಳೆ. ಆದರೆ ಬರ್ನಿಯ ಹಿಂದೆ ಏನೂ ಇಲ್ಲ. ರಸ್ತೆಯಿಲ್ಲ, ನೆಲವಿಲ್ಲ, ತಡೆಯಲು ಬೇಲಿಯೂ ಇಲ್ಲ. ಮೊದಲು ಬೇಲಿ ಇತ್ತು. ಯಂತ್ರದ ಮೆಮೊರಿಯಲ್ಲಿ ಹಿಮಕ್ಕೆ ಜಾಗ ಸಾಲದೆಂದು ಮೆರಿಲೀಯೇ ಕಿತ್ತು ಹಾಕಿದ್ದಳು. ಮುಂದಕ್ಕೆ ಓಡಿಸುವ ಆಟದಲ್ಲಿ ಯಾವ ಪೆದ್ದು ಹಿಂದಕ್ಕೆ ಹೋಗುತ್ತದೆ ಎಂದು ವಾದಿಸಿಯೂ ಇದ್ದಳು. ಗೇಮ್ ಮಾಡುವವರ ಬುದ್ಧಿಯೇ ಅಷ್ಟು. ರಸ್ತೆ ಕಂಡರೆ ಓಟವೊಂದೇ ನೆನಪಾಗುತ್ತದೆ.

"ಬೇಡ ಪುಟ್ಟಿ, ಬೇಡ," ಎಂದು ತುಟಿಯಲ್ಲೇ ಅಂದುಕೊಂಡಳು. ಪಕ್ಕದಲ್ಲಿದ್ದ ಕಂಪನಿಯ ಯಜಮಾನ ಗಸ್ ಅವಳ ಮೊಣಕೈ ಹಿಡಿದ.

ಡಾಟಿ ಬರ್ನಿಯನ್ನು ಬಳಸಿ ಹಿಂದೆ ಹೋದಳು. ಮರುಕ್ಷಣ ಪರದೆ ಪೂರ್ತಿ ಕಪ್ಪಾಯಿತು. ವ್ಯಾನು ತಳವಿಲ್ಲದ ಕಡೆ ಬೀಳುತ್ತಿತ್ತು, ಬೀಳುತ್ತಲೇ ಇತ್ತು.

ಮಿಸೆಸ್ ಪ್ರೂಯಿಟ್ ಟಿವಿ ನೋಡಿದರು, ಗಸ್‌ನ ಮುಖ ನೋಡಿದರು.

ಜೋಸಿ ಗುಂಡಿಗಳನ್ನೆಲ್ಲ ಒತ್ತಿದಳು. ಹಾರ್ನ್ ಒಂದು ಮಾತ್ರ ಕೇಳಿಸಿತು. ಮತ್ತೆ ಒತ್ತಿದಳು. ಕತ್ತಲೆಯೊಳಗಿಂದ ಪೀಂ ಪೀಂ ಎಂದು ಡಾಟಿ ಕೂಗಿದಳು.

"ಹೆದರ್ಬೇಡ ಡಾಟಿ, ಮಾಮ ಬರ್ತಾನೆ," ಎಂದಳು ಜೋಸಿ. ಹಾರ್ನ್ ಒತ್ತುತ್ತಾ ಕೂತಳು. ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು. ಯಂತ್ರವನ್ನು ಮಾತ್ರ ಎರಡೂ ಕೈಯಲ್ಲಿ ಅವುಚಿಕೊಂಡಿದ್ದಳು.

"ಕೆಳಗಿಟ್ಟಿಲ್ಲ ಕಣೇ," ಗಸ್ ಪಿಸುಗುಟ್ಟಿದ. "ಇನ್ನೇನು ಗಂಟೆ ಹೊಡೆಯುತ್ತೆ. ಬಾಯ್ಮುಚ್ಕೊಂಡು ಕೂತ್ಕೋ, ಗೆದ್ವಿ ನಾವು."

"ಅಳ್ತಿದಾಳೆ ಗಸ್."

"ಅಳ್ಲಿ ಬಿಡು! ಅತ್ರೆ ಕೆಲಸ ಹೋಗುತ್ತೆ ಅಂತ ಯಾರೂ ಹೇಳಿಲ್ಲ."

ಅವನ ಮಾತು ಸರಿಯೇ. ಸುಮ್ಮನೆ ಕೂತರೆ ಸಾಕು, ಎಲ್ಲರ ಅನ್ನ ಉಳಿಯುತ್ತದೆ. ಮೆರಿಲೀ ತೊಡೆಗಳ ಕೆಳಗೆ ಕೈ ಸಿಕ್ಕಿಸಿಕೊಂಡು ಕೂತಳು. ಪೀಂ. ಮತ್ತೆ ಪೀಂ. ಬರಲಾರದವನಿಗಾಗಿ ಆ ಮಗು ಕಾಯುತ್ತಿತ್ತು. ಮೆರಿಲೀಗೆ ತಡೆಯಲಾಗಲಿಲ್ಲ. ಗಸ್‌ನ ಕೈ ಕೊಡವಿ, ಬಾಗಿಲು ತಳ್ಳಿ ಒಳಗೆ ಹೋಗಿಬಿಟ್ಟಳು.

"ಮುಗೀತು," ಎಂದ ಗಸ್, ತಲೆಯ ಮೇಲೆ ಕೈ ಹೊತ್ತು.

ಮೆರಿಲೀ ಕಂಬಳಿಯ ಮೇಲೆ ಕೂತಳು. ಜೋಸಿ ತೋಳಿನಿಂದ ಮೂಗು ಒರೆಸಿಕೊಂಡಳು.

"ಆಂಟೀ, ಮಾಮ ಯಾವಾಗ ಬರ್ತಾನೆ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ.

"ಬರಲ್ಲ ಪುಟ್ಟಿ. ಅಲ್ಲಿಗೆ ರಸ್ತೆನೇ ಇಲ್ಲ. ನಾನು ಮಾಡಿಲ್ಲ."

"ಯಾಕೆ ಮಾಡಿಲ್ಲ?"

"ಯಾರೂ ಮಾಮನ ಹತ್ರ ವಾಪಸ್ ಹೋಗಲ್ಲ ಅಂದ್ಕೊಂಡಿದ್ದೆ."

ಇಂಥ ದಡ್ಡರೂ ಇರುತ್ತಾರೆಯೇ ಎಂಬಂತೆ ಜೋಸಿ ಅವಳನ್ನೇ ನೋಡಿದಳು. "ಅವನು ಸಿಕ್ಕಾಕೊಂಡಿದಾನಲ್ಲ! ಬಿಟ್ಟು ಹೋಗಕ್ಕಾಗುತ್ತಾ?"

ಮಿಸೆಸ್ ಪ್ರೂಯಿಟ್ ಬಾಗಿಲಲ್ಲಿ ನಿಂತಿದ್ದರು. "ನಿಯಮ ಏನು ಅಂತ ನಿಮಗೆ ಗೊತ್ತಿತ್ತು, ಮಿಸ್ ಹಾಲ್ವರ್ಸನ್."

"ಗೊತ್ತಿತ್ತು."

"ಕೊಡು ಮರಿ, ಆಟ ಮುಗೀತು," ಎಂದು ಅವರು ಕೈ ಚಾಚಿದರು.

"ಕೊಡಲ್ಲ!" ಜೋಸಿ ಯಂತ್ರವನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಸರಿದಳು. "ಆಫ್ ಮಾಡ್ಬಿಡ್ತೀರ ನೀವು. ಡಾಟಿ ಒಳಗಿದಾಳೆ. ಈ ಆಂಟಿ ರಸ್ತೆ ಮಾಡ್ಲಿ, ಅಲ್ಲಿವರೆಗೂ ಕೊಡಲ್ಲ."

ಅಷ್ಟರಲ್ಲಿ ಗಂಟೆ ಹೊಡೆಯಿತು. ಆದರೂ ಜೋಸಿ ಯಂತ್ರ ಬಿಡಲಿಲ್ಲ. ಮಿಸೆಸ್ ಪ್ರೂಯಿಟ್ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡರು. ಎಷ್ಟೋ ಊರುಗಳಲ್ಲಿ ಎಷ್ಟೋ ಮಕ್ಕಳು ಗಂಟೆಗೆ ಮುಂಚೆಯೇ ಆಟ ಬಿಸಾಕಿ ತಿಂಡಿ ಕೇಳಿದ್ದನ್ನು ಕಂಡವರು ಅವರು.

"ರಸ್ತೆ ಮಾಡಕ್ಕೆ ಎಷ್ಟೊತ್ತು ಹಿಡಿಯುತ್ತೆ?" ಎಂದು ಮೆರಿಲೀಯನ್ನು ಕೇಳಿದರು, ಸಿಡುಕುತ್ತಲೇ.

"ಜಾಗ ಇಲ್ಲ. ಹಿಮ ಅಷ್ಟೂ ತೆಗೀಬೇಕು," ಎಂದಳು ಮೆರಿಲೀ. "ತೆಗೆದ್ರೆ ಸಂಜೆಯೊಳಗೆ ಆಗುತ್ತೆ. ಮಾಮನ್ನ ತಳ್ಳೋ ಹಾಗೂ ಮಾಡಬಹುದು."

"ತೆಗೀರಿ ಮತ್ತೆ. ನನ್ನ ಮುಖ ಏನು ನೋಡ್ತೀರಿ?"

ಮೆರಿಲೀ ಎದ್ದು ಓಡಿದಳು. ಮಿಸೆಸ್ ಪ್ರೂಯಿಟ್ ಮಂಡಿ ಹಿಡಿದುಕೊಂಡು ಕಂಬಳಿಯ ತುದಿಯಲ್ಲಿ ಕೂತರು. ಜೋಸಿ ಕಪ್ಪು ಪರದೆಯನ್ನು ಬಾಯಿಯ ಹತ್ತಿರ ತಂದುಕೊಂಡು, ಸಣ್ಣ ದನಿಯಲ್ಲಿ ಹೇಳಿದಳು:

"ಸ್ವಲ್ಪ ತಡ್ಕೋ ಡಾಟಿ. ರಸ್ತೆ ಹಾಕ್ತಿದಾರೆ."